ವಾರದ ಉಳಿದ ಆರು ದಿನಗಳು: ದೇವರ ಅನ್ಯೋನ್ಯತೆಯಲ್ಲಿ ಬೆಳೆಯುವ ಬಗೆ

ಭಾನುವಾರದ ಆರಾಧನೆಗೆ ತಪ್ಪದೆ ಹೋಗುವ, ಊಟಕ್ಕೆ ಮುಂಚೆ ಸ್ತೋತ್ರ ಸಲ್ಲಿಸುವ, ಗೋಡೆಯ ಮೇಲೆ ವಾಕ್ಯದ ಫಲಕ ತೂಗುಹಾಕಿರುವ ಎಷ್ಟೋ ಕ್ರೈಸ್ತರು ಬುಧವಾರದ ಮಧ್ಯಾಹ್ನ ಒಂದು ಕ್ಷಣ ನಿಂತು ಯೋಚಿಸಿದರೆ, ಮೂರು ದಿನಗಳಿಂದ ದೇವರ ನೆನಪೇ ಬಂದಿಲ್ಲವೆಂಬುದನ್ನು ಕಂಡುಕೊಳ್ಳುತ್ತಾರೆ. ನಂಬಿಕೆ ಕಳೆದುಹೋಗಿರುವುದಿಲ್ಲ, ಬೀರುವಿನಲ್ಲಿ ಮಡಿಚಿಟ್ಟ ಒಳ್ಳೆಯ ಬಟ್ಟೆಯಂತೆ ಅದು ಮುಂದಿನ ಭಾನುವಾರಕ್ಕಾಗಿ ಕಾಯುತ್ತಿರುತ್ತದೆ. ಆ ಉಳಿದ ಆರು ದಿನಗಳಲ್ಲಿ ದೇವರೊಂದಿಗೆ ನಡೆಯುವುದನ್ನು ಹೇಗೆ ಆರಂಭಿಸಬಹುದು, ಆರಂಭಿಸಿದ್ದನ್ನು ಹೇಗೆ ಉಳಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ಹಂತಹಂತವಾಗಿ ಹೇಳಲು ಪ್ರಯತ್ನಿಸಿದ್ದೇನೆ. ಯಾವ ಸಭೆಗೆ ಸೇರಿದವರಾದರೂ ಇದನ್ನು ಅನುಸರಿಸಬಹುದು.

ಈ ವಿಷಯ ಬಂದಾಗಲೆಲ್ಲ ಜನರು ನೆನಪಿಸಿಕೊಳ್ಳುವ ವಾಕ್ಯ ಯಾಕೋಬನ ಪತ್ರಿಕೆಯ ನಾಲ್ಕನೆಯ ಅಧ್ಯಾಯದ ಎಂಟನೆಯ ವಚನ. ದೇವರ ಸಮೀಪಕ್ಕೆ ಬಂದರೆ ಆತನೂ ನಮ್ಮ ಸಮೀಪಕ್ಕೆ ಬರುವನೆಂಬ ಅದರ ಮೊದಲ ಅರ್ಧವನ್ನು ಎಲ್ಲರೂ ಬಾಯಿಪಾಠವಾಗಿ ಹೇಳುತ್ತಾರೆ. ಕೈಗಳನ್ನು ತೊಳೆದುಕೊಳ್ಳಿರಿ, ಎರಡು ಮನಸ್ಸುಳ್ಳವರೇ ಹೃದಯವನ್ನು ಶುದ್ಧಪಡಿಸಿಕೊಳ್ಳಿರಿ ಎನ್ನುವ ಉಳಿದ ಅರ್ಧ ಫಲಕಗಳ ಮೇಲೆ ಅಷ್ಟಾಗಿ ಕಾಣಿಸುವುದಿಲ್ಲ. ಆ ಅಧ್ಯಾಯ ಆರಂಭವಾಗುವುದೇ ನಿಮ್ಮಲ್ಲಿ ಜಗಳಗಳೂ ಕಾದಾಟಗಳೂ ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆಯಿಂದ. ದೇವರ ಸಾಮೀಪ್ಯದ ಮಾತನ್ನು ಯಾಕೋಬನು ಜಗಳವಾಡುತ್ತಿದ್ದ ಜನರ ನಡುವೆ ಇಟ್ಟಿದ್ದಾನೆ ಎಂಬುದನ್ನು ಆರಂಭದಲ್ಲಿಯೇ ಗಮನದಲ್ಲಿಟ್ಟುಕೊಂಡರೆ, ಮುಂದೆ ಹೇಳುವ ಪ್ರಾರ್ಥನೆ, ಓದು, ಉಪವಾಸಗಳೆಲ್ಲ ಯಾವ ದಿಕ್ಕಿಗೆ ನಮ್ಮನ್ನು ಒಯ್ಯಬೇಕು ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ಒಂದು ಹೊತ್ತು, ಒಂದು ಜಾಗ

ಆರಂಭದ ಉತ್ಸಾಹದಲ್ಲಿ ಮಾಡುವ ತಪ್ಪು ಬಹುತೇಕ ಒಂದೇ ಬಗೆಯದು. ನಾಳೆಯಿಂದ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಂದು ಗಂಟೆ ಪ್ರಾರ್ಥಿಸುತ್ತೇನೆ ಎಂದು ನಿಶ್ಚಯಿಸುವುದು, ನಾಲ್ಕು ದಿನ ಅದನ್ನು ಪಾಲಿಸುವುದು, ಐದನೆಯ ದಿನ ನಿದ್ದೆ ಗೆದ್ದ ಮೇಲೆ ತಾನು ಇದಕ್ಕೆ ತಕ್ಕವನಲ್ಲವೆಂದು ಎಲ್ಲವನ್ನೂ ಬಿಟ್ಟುಬಿಡುವುದು. ಹತ್ತು ನಿಮಿಷಗಳಿಂದ ಆರಂಭಿಸಿ. ಹತ್ತು ನಿಮಿಷ ನಾಚಿಕೆಪಡುವಷ್ಟು ಕಡಿಮೆಯೆಂದು ತೋರಿದರೂ ಪರವಾಗಿಲ್ಲ, ಏಕೆಂದರೆ ಕೆಟ್ಟ ದಿನದಲ್ಲಿಯೂ, ಜ್ವರವಿರುವ ದಿನದಲ್ಲಿಯೂ, ಮನೆಗೆ ನೆಂಟರು ಬಂದಿರುವ ದಿನದಲ್ಲಿಯೂ ಪಾಲಿಸಲು ಸಾಧ್ಯವಾಗುವ ಅಳತೆಯೇ ನಮಗೆ ಬೇಕಾಗಿರುವುದು.

ಈಗಾಗಲೇ ದಿನವೂ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಈ ಹೊತ್ತನ್ನು ಗಂಟುಹಾಕುವುದು ಒಳ್ಳೆಯದು. ಹಲ್ಲುಜ್ಜಿ ಮುಖ ತೊಳೆದ ಕೂಡಲೇ, ಅಥವಾ ಮಕ್ಕಳು ಶಾಲೆಗೆ ಹೊರಟ ಬಳಿಕ, ಅಥವಾ ಕೆಲಸದ ಸ್ಥಳವನ್ನು ತಲುಪಿ ಒಳಗೆ ಹೋಗುವ ಮುಂಚೆ ಎಂದು ನಿಶ್ಚಯಿಸಿಕೊಂಡರೆ ಗಡಿಯಾರದ ಹಂಗು ಅಷ್ಟಾಗಿ ಇರುವುದಿಲ್ಲ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನೆಂದು ಮಾರ್ಕನು ತನ್ನ ಮೊದಲನೆಯ ಅಧ್ಯಾಯದಲ್ಲಿ ಬರೆಯುತ್ತಾನೆ. ಅದರ ಹಿಂದಿನ ಸಂಜೆ ಊರಿನವರೆಲ್ಲ ರೋಗಿಗಳನ್ನು ಕರೆತಂದು ಬಾಗಿಲಲ್ಲಿ ನೆರೆದಿದ್ದರು. ಅಂದರೆ ಬಿಡುವಿದ್ದ ದಿನದ ಮರುದಿನ ಆತನು ಎದ್ದದ್ದಲ್ಲ, ಮೈ ಮುರಿಯುವಷ್ಟು ದುಡಿದ ದಿನದ ಮರುದಿನ. ಹಾಗೆಂದು ಬೆಳಗಿನ ಜಾವವೇ ಪವಿತ್ರವಾದ ಹೊತ್ತೆಂದು ತಿಳಿಯಬೇಕಾಗಿಲ್ಲ. ದಾನಿಯೇಲನು ದಿನಕ್ಕೆ ಮೂರಾವರ್ತಿ ಮೊಣಕಾಲೂರುತ್ತಿದ್ದನು. ಕೀರ್ತನೆಗಳಲ್ಲಿ ಹಾಸಿಗೆಯ ಮೇಲೆ ರಾತ್ರಿಯ ಜಾವಗಳಲ್ಲಿ ಧ್ಯಾನಿಸುವವನೂ ಇದ್ದಾನೆ. ರಾತ್ರಿ ಪಾಳಿಯಲ್ಲಿ ದುಡಿಯುವವರಿಗೆ ಮಧ್ಯಾಹ್ನವೇ ಬೆಳಗು. ಎದೆಹಾಲು ಕುಡಿಯುವ ಕೂಸುಳ್ಳ ತಾಯಿಗೆ ಮಗು ಹಾಲು ಕುಡಿಯುವ ಹೊತ್ತೇ ಪ್ರಾರ್ಥನೆಯ ಹೊತ್ತಾದರೆ ಅದರಲ್ಲಿ ಯಾವ ಕೊರತೆಯೂ ಇಲ್ಲ.

ಜಾಗದ ವಿಷಯದಲ್ಲಿ ಒಂದೇ ಮಾತು: ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಟ್ಟು ಬನ್ನಿ. ಸತ್ಯವೇದವನ್ನು ಮೊಬೈಲಿನಲ್ಲಿಯೇ ಓದುವವರು ಅನೇಕರಿದ್ದಾರೆಂದು ನನಗೆ ಗೊತ್ತು. ಪ್ರಯಾಣದಲ್ಲಿ ಅದು ಉಪಕಾರಿಯೇ. ಆದರೆ ಬಾಗಿಲು ಮುಚ್ಚಿಕೊಂಡು ರಹಸ್ಯವಾದ ಸ್ಥಳದಲ್ಲಿರುವ ತಂದೆಗೆ ಪ್ರಾರ್ಥಿಸಬೇಕೆಂದು ಮತ್ತಾಯನ ಆರನೆಯ ಅಧ್ಯಾಯದಲ್ಲಿ ಹೇಳಿರುವಾಗ, ಇಡೀ ಲೋಕ ಬಾಗಿಲು ತಟ್ಟಲು ಅನುವಾಗುವ ಸಾಧನವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂಡುವುದರಿಂದ ಮುಚ್ಚಿದ ಬಾಗಿಲಿಗೆ ಅರ್ಥವಿರುವುದಿಲ್ಲ. ಅಚ್ಚಾದ ಪುಸ್ತಕ, ಒಂದು ಪೆನ್ನು, ಒಂದು ಚಿಕ್ಕ ನೋಟ್‌ಬುಕ್ ಇದ್ದರೆ ಸಾಕು.

ಒಂದು ದಿನ ತಪ್ಪಿದರೆ ಮರುದಿನ ಅದರ ಬಾಕಿಯನ್ನು ತೀರಿಸಲು ಹೋಗಬೇಡಿ. ಇಪ್ಪತ್ತು ನಿಮಿಷ ಕುಳಿತುಕೊಂಡು ಸಾಲ ತೀರಿಸಿದೆನೆಂಬ ಸಮಾಧಾನ ಪಡೆಯುವುದಕ್ಕಿಂತ, ತಪ್ಪಿಹೋದುದನ್ನು ಸುಮ್ಮನೆ ಬಿಟ್ಟು ಎಂದಿನ ಹತ್ತು ನಿಮಿಷಕ್ಕೆ ಹಿಂತಿರುಗುವುದು ಹೆಚ್ಚು ಉಪಯುಕ್ತ. ನಾವು ಹೋಗುತ್ತಿರುವುದು ತಂದೆಯ ಬಳಿಗೆ. ಲೆಕ್ಕಪತ್ರ ನೋಡುವವನ ಬಳಿಗಲ್ಲ.

ಓದುವ ಕ್ರಮ

ಪ್ರಾರ್ಥನೆಗಿಂತ ಮುಂಚೆ ಓದನ್ನು ಇಡಬೇಕೆಂಬುದು ನನ್ನ ಅಭಿಪ್ರಾಯ. ಮೊದಲು ನಾವೇ ಮಾತನಾಡತೊಡಗಿದರೆ ನಮ್ಮ ಚಿಂತೆಗಳೇ ಹತ್ತು ನಿಮಿಷವನ್ನು ತುಂಬಿಬಿಡುತ್ತವೆ. ಓದಿನಿಂದ ಆರಂಭಿಸಿದಾಗ ಸಂಭಾಷಣೆಯ ಮೊದಲ ಮಾತು ದೇವರದಾಗುತ್ತದೆ.

ಎಲ್ಲಿಂದ ಓದಬೇಕು ಎಂಬುದು ಮುಂದಿನ ಪ್ರಶ್ನೆ. ಸತ್ಯವೇದವನ್ನು ಒಂದು ವರ್ಷದಲ್ಲಿ ಮುಗಿಸುವ ಯೋಜನೆಗಳು ಬಹಳ ಪ್ರಚಾರದಲ್ಲಿವೆ. ಪ್ರೊಟೆಸ್ಟಂಟ್ ಸಭೆಗಳು ಬಳಸುವ 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ, ಆದ್ದರಿಂದ ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓದಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ಹೊಸದಾಗಿ ಆರಂಭಿಸುವವರಿಗೆ ನಾನು ಇದನ್ನು ಹೇಳುವುದಿಲ್ಲ. ಆದಿಕಾಂಡದ ಕಥೆಗಳಲ್ಲಿ ಓಡುವ ಓದು ವಿಮೋಚನಕಾಂಡದ ದೇವದರ್ಶನದ ಗುಡಾರದ ಅಳತೆಗಳಲ್ಲಿ ನಿಧಾನವಾಗಿ, ಯಾಜಕಕಾಂಡದ ಬಲಿಯ ನಿಯಮಗಳಲ್ಲಿ ನಿಂತೇಹೋಗುತ್ತದೆ. ಆ ಪುಸ್ತಕಗಳು ಬೇಡವೆಂದಲ್ಲ, ಅವುಗಳಿಗೆ ಸ್ವಲ್ಪ ಸಿದ್ಧತೆ ಬೇಕು. ಮಾರ್ಕನ ಸುವಾರ್ತೆಯಿಂದ ಆರಂಭಿಸಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯಗಳು ಮಾತ್ರ. ಅದರೊಂದಿಗೆ ದಿನಕ್ಕೊಂದು ಕೀರ್ತನೆ ಓದಿದರೆ 150 ಕೀರ್ತನೆಗಳಿಗೆ ಐದು ತಿಂಗಳು ಹಿಡಿಯುತ್ತದೆ. ನೂರಹತ್ತೊಂಬತ್ತನೆಯ ಕೀರ್ತನೆಯಲ್ಲಿ 176 ವಚನಗಳಿರುವುದರಿಂದ ಅದನ್ನು ಮಾತ್ರ ಹಲವು ದಿನಗಳಿಗೆ ಹಂಚಿಕೊಳ್ಳಿ.

ಎಷ್ಟು ಓದಿದೆವು ಎನ್ನುವುದಕ್ಕಿಂತ ಹೇಗೆ ಓದಿದೆವು ಎನ್ನುವುದು ಇಲ್ಲಿ ಮುಖ್ಯ. ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಗೀಗೋ ಎಂಬ ಕಾರ್ಥೂಸಿಯನ್ ಸನ್ಯಾಸಿಯು ಇದನ್ನು ನಾಲ್ಕು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದನು: ಓದುವುದು, ಮೆಲುಕು ಹಾಕುವುದು, ಪ್ರಾರ್ಥಿಸುವುದು, ಕೊನೆಗೆ ಮಾತು ನಿಲ್ಲಿಸಿ ದೇವರ ಸನ್ನಿಧಿಯಲ್ಲಿ ಸುಮ್ಮನಿರುವುದು. ಹೆಸರು ದೊಡ್ಡದೆಂದು ಹೆದರಬೇಕಾಗಿಲ್ಲ. ಹತ್ತು ಹದಿನೈದು ವಚನಗಳ ಒಂದು ಭಾಗವನ್ನು ಎರಡು ಸಲ, ಸಾಧ್ಯವಾದರೆ ತುಟಿಯಾಡಿಸಿ ಓದಿ. ಯಾವ ಮಾತು ಮನಸ್ಸಿಗೆ ತಗುಲಿತೋ ಅಲ್ಲಿ ನಿಂತು, ಏಕೆ ತಗುಲಿತೆಂದು ಕೇಳಿಕೊಳ್ಳಿ. ಅದನ್ನೇ ದೇವರಿಗೆ ಹೇಳಿ. ಒಂದು ನಿಮಿಷ ಮೌನವಾಗಿರಿ.

ಒಂದು ಉದಾಹರಣೆ ನೋಡೋಣ. ಮಾರ್ಕನ ಹತ್ತನೆಯ ಅಧ್ಯಾಯದ ಕೊನೆಯಲ್ಲಿ ಯೆರಿಕೋವಿನ ದಾರಿಯ ಮಗ್ಗುಲಲ್ಲಿ ಕುಳಿತ ಬಾರ್ತಿಮಾಯನೆಂಬ ಕುರುಡ ಭಿಕ್ಷುಕನಿದ್ದಾನೆ. ಸುಮ್ಮನಿರೆಂದು ಜನರು ಗದರಿಸಿದರೂ ಅವನು ದಾವೀದನ ಕುಮಾರನೇ, ನನ್ನನ್ನು ಕರುಣಿಸು ಎಂದು ಇನ್ನೂ ಗಟ್ಟಿಯಾಗಿ ಕೂಗುತ್ತಾನೆ. ಯೇಸು ನಿಂತು, ಅವನನ್ನು ಕರೆಸಿ, ನಾನು ನಿನಗೆ ಏನು ಮಾಡಬೇಕೆಂದು ಕೋರುತ್ತೀ ಎಂದು ಕೇಳುತ್ತಾನೆ. ಮೊದಲ ಸಲ ಓದುವಾಗ ಇದು ವಿಚಿತ್ರವಾದ ಪ್ರಶ್ನೆ. ಕುರುಡನಿಗೆ ಏನು ಬೇಕೆಂಬುದು ಯಾರಿಗೆ ತಿಳಿಯದು? ಎರಡನೆಯ ಸಲ, ಸ್ವಲ್ಪ ಹಿಂದಿನಿಂದ ಓದಿಕೊಂಡು ಬಂದರೆ, ಅದೇ ಅಧ್ಯಾಯದ ಮೂವತ್ತಾರನೆಯ ವಚನದಲ್ಲಿ ಜೆಬೆದಾಯನ ಮಕ್ಕಳಾದ ಯಾಕೋಬ ಯೋಹಾನರಿಗೂ ಯೇಸು ಇದೇ ಪ್ರಶ್ನೆಯನ್ನು ಕೇಳಿದ್ದು ಕಾಣುತ್ತದೆ. ಆ ಇಬ್ಬರು ಶಿಷ್ಯರು ಆತನ ಬಲಗಡೆ ಎಡಗಡೆಯ ಆಸನಗಳನ್ನು ಬೇಡಿದರು. ಕುರುಡನು ಕಣ್ಣು ಬೇಡಿದನು. ಬಹುಕಾಲದಿಂದ ಜೊತೆಗಿದ್ದವರಿಗೆ ಏನು ಬೇಡಬೇಕೆಂದು ತಿಳಿಯಲಿಲ್ಲ, ದಾರಿಬದಿಯವನಿಗೆ ತಿಳಿಯಿತು. ಇಷ್ಟು ಕಂಡ ಮೇಲೆ ಆ ಪ್ರಶ್ನೆ ನಮ್ಮ ಕಡೆಗೆ ತಿರುಗುತ್ತದೆ. ಇಂದು ನನ್ನನ್ನು ಹೀಗೆ ಕೇಳಿದರೆ ನಾನು ಆಸನವನ್ನು ಬೇಡುತ್ತೇನೆಯೋ, ಕಣ್ಣನ್ನು ಬೇಡುತ್ತೇನೆಯೋ? ನೋಟ್‌ಬುಕ್ಕಿನಲ್ಲಿ ಆ ಒಂದೇ ಸಾಲನ್ನು ಬರೆದುಕೊಂಡು, ಕೆಲಸದ ನಡುವೆ ಎರಡು ಮೂರು ಬಾರಿ ನೆನಪಿಸಿಕೊಂಡರೆ ಅಂದಿನ ಓದು ಸಾರ್ಥಕವಾಯಿತು.

ಕಣ್ಣು ಮುಚ್ಚಿ ಪುಸ್ತಕ ತೆರೆದು, ಬೆರಳಿಟ್ಟ ವಚನವೇ ಇಂದಿನ ದೈವೋತ್ತರವೆಂದು ತಿಳಿಯುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಹಿಂದುಮುಂದಿನ ಸಂದರ್ಭವಿಲ್ಲದೆ ಕಿತ್ತುಕೊಂಡ ವಾಕ್ಯದಿಂದ ನಮಗೆ ಬೇಕಾದದ್ದನ್ನು ಹೇಳಿಸುವುದು ಸುಲಭ. ಅರ್ಥವಾಗದ ಕಡೆ ಪ್ರಶ್ನೆಯನ್ನು ಬರೆದಿಟ್ಟುಕೊಂಡು, ಸಭಾಪಾಲಕರನ್ನೋ ಗುರುಗಳನ್ನೋ ಕೇಳಿ.

ಪ್ರಾರ್ಥನೆ: ಚೌಕಟ್ಟೂ ಪ್ರಾಮಾಣಿಕತೆಯೂ

ಏನು ಪ್ರಾರ್ಥಿಸಬೇಕೆಂದು ತಿಳಿಯದವರಿಗೆ ಯೇಸು ಕಲಿಸಿದ ಪ್ರಾರ್ಥನೆಗಿಂತ ಉತ್ತಮವಾದ ಆಸರೆಯಿಲ್ಲ. ಅತ್ಯಂತ ಹಳೆಯ ಕ್ರೈಸ್ತ ಕೈಪಿಡಿಗಳಲ್ಲಿ ಒಂದಾದ ದಿದಖೆಯು ಇದನ್ನು ದಿನಕ್ಕೆ ಮೂರು ಸಲ ಹೇಳಬೇಕೆಂದು ಸೂಚಿಸುತ್ತದೆ. ಬಾಯಿಪಾಠವಾಗಿ ಮೂವತ್ತು ಸೆಕೆಂಡಿನಲ್ಲಿ ಮುಗಿಯುವ ಈ ಪ್ರಾರ್ಥನೆಯನ್ನು ಒಂದೊಂದು ಸಾಲಿಗೂ ನಿಂತು ಹೇಳಿ ನೋಡಿ. ಪರಲೋಕದಲ್ಲಿರುವ ನಮ್ಮ ತಂದೆಯೇ ಎಂದಾಗ "ನನ್ನ" ಎನ್ನದೆ "ನಮ್ಮ" ಎಂದಿರುವುದನ್ನು ಗಮನಿಸಿ, ಯಾರೊಂದಿಗೆ ಸೇರಿ ಹಾಗೆ ಕರೆಯುತ್ತಿದ್ದೀರಿ ಎಂದು ನೆನೆದುಕೊಳ್ಳಿ. ನಿಮಗೆ ಆಗದ ವ್ಯಕ್ತಿಯೂ ಆ "ನಮ್ಮ" ಎಂಬುದರಲ್ಲಿ ಇದ್ದಾನೆ. ನಿನ್ನ ಚಿತ್ತ ನೆರವೇರಲಿ ಎಂದಾಗ ಈ ದಿನ ನೀವು ಬಿಗಿಯಾಗಿ ಹಿಡಿದುಕೊಂಡಿರುವ ನಿಮ್ಮ ಚಿತ್ತ ಯಾವುದೆಂದು ಹೆಸರಿಸಿ. ಅನುದಿನದ ಆಹಾರದ ಸಾಲಿನಲ್ಲಿ ಬಾಡಿಗೆ, ಔಷಧಿ, ಮಗಳ ಪರೀಕ್ಷೆ ಎಲ್ಲಕ್ಕೂ ಸ್ಥಳವಿದೆ. ಇವು ಅಲ್ಪ ವಿಷಯಗಳೆಂದು ಸಂಕೋಚಪಡಬೇಡಿ. ಕ್ಷಮೆಯ ಸಾಲಿಗೆ ಬಂದಾಗ ಮಾತ್ರ ಅವಸರ ಮಾಡಬೇಡಿ. ಮತ್ತಾಯನ ಸುವಾರ್ತೆಯಲ್ಲಿ ಈ ಪ್ರಾರ್ಥನೆ ಮುಗಿದ ಕೂಡಲೇ ಯೇಸು ಅದರ ಒಂದೇ ಒಂದು ಸಾಲಿಗೆ ವಿವರಣೆ ಕೊಡುತ್ತಾನೆ, ಅದು ಈ ಸಾಲು.

ಚೌಕಟ್ಟಿನೊಳಗೆ ತುಂಬಬೇಕಾದದ್ದು ನಿಜವಾದ ಮಾತು. ದೇವರ ಮುಂದೆ ಒಳ್ಳೆಯ ಭಾಷೆಯಲ್ಲಿಯೇ, ಸಂತೋಷದ ಮುಖದಿಂದಲೇ ಮಾತನಾಡಬೇಕೆಂಬ ಭಾವನೆಯಿಂದ ಎಷ್ಟೋ ಜನರ ಪ್ರಾರ್ಥನೆ ಹುಸಿಯಾಗುತ್ತದೆ. ಕೀರ್ತನೆಗಳು ಹಾಗಿಲ್ಲ. ಹದಿಮೂರನೆಯ ಕೀರ್ತನೆಯ ಮೊದಲ ಎರಡು ವಚನಗಳಲ್ಲಿ ಇನ್ನು ಎಷ್ಟರವರೆಗೆ ಎಂಬ ಕೂಗು ನಾಲ್ಕು ಸಲ ಬರುತ್ತದೆ. ಎಂಬತ್ತೆಂಟನೆಯ ಕೀರ್ತನೆಯು ಸಮಾಧಾನದ ಒಂದು ಸಾಲೂ ಇಲ್ಲದೆ ಕತ್ತಲೆಯಲ್ಲಿಯೇ ಮುಗಿದುಹೋಗುತ್ತದೆ, ಮತ್ತು ಅದನ್ನು ಸಂಗ್ರಹದಿಂದ ಯಾರೂ ತೆಗೆದುಹಾಕಲಿಲ್ಲ. ಕೋಪವಿದ್ದರೆ ಕೋಪವಿದೆ ಎನ್ನಿ. ಪ್ರಾರ್ಥಿಸಲು ಮನಸ್ಸಿಲ್ಲದಿದ್ದರೆ ಮನಸ್ಸಿಲ್ಲವೆಂದೇ ಪ್ರಾರ್ಥಿಸಿ. ಮನಸ್ಸು ಬೇರೆಡೆಗೆ ಅಲೆದರೆ ಬೈದುಕೊಳ್ಳದೆ, ಅದು ಎಲ್ಲಿಗೆ ಹೋಯಿತೆಂದು ನೋಡಿ. ಕಚೇರಿಯ ಒಂದು ಮನಸ್ತಾಪದ ಕಡೆಗೆ ಐದು ಸಲ ಹೋಗಿದ್ದರೆ ಅಂದು ಪ್ರಾರ್ಥಿಸಬೇಕಾದ ವಿಷಯವೇ ಅದು.

ಬರೆದಿಟ್ಟ ಪ್ರಾರ್ಥನೆಗಳು ಒಳ್ಳೆಯವೋ, ಸ್ವಂತ ಮಾತಿನ ಪ್ರಾರ್ಥನೆಗಳು ಒಳ್ಳೆಯವೋ ಎಂಬ ವಾದ ಸಭೆಗಳ ನಡುವೆ ಹಳೆಯದು. ದಣಿದ ದಿನಗಳಲ್ಲಿ ಬೇರೆಯವರ ಮಾತು ನಮ್ಮನ್ನು ಹೊತ್ತೊಯ್ಯುತ್ತದೆ, ಮನಸ್ಸು ತುಂಬಿದ ದಿನಗಳಲ್ಲಿ ಸ್ವಂತ ಮಾತು ತಾನಾಗಿ ಬರುತ್ತದೆ, ಎರಡನ್ನೂ ಬಳಸಿ. ಇತರರಿಗಾಗಿ ಬೇಡುವುದಕ್ಕೆ ಉದ್ದವಾದ ಪಟ್ಟಿಯನ್ನು ಮಾಡಿಕೊಂಡು ಹೆಸರುಗಳನ್ನು ಹಾಜರಿ ಕರೆದಂತೆ ಓದುವುದಕ್ಕಿಂತ, ವಾರದ ಒಂದೊಂದು ದಿನಕ್ಕೆ ಒಬ್ಬರೋ ಇಬ್ಬರೋ ಎಂದು ಹಂಚಿಕೊಳ್ಳುವುದು ಮೇಲು. ಅವರಲ್ಲಿ ಒಬ್ಬರು ನಿಮಗೆ ನೋವು ಮಾಡಿದವರಾಗಿರಲಿ.

ದಿನದ ನಡುವೆ

ಎಡೆಬಿಡದೆ ಪ್ರಾರ್ಥನೆಮಾಡಿರಿ ಎಂದು ಪೌಲನು ಥೆಸಲೋನಿಕದವರಿಗೆ ಬರೆದದ್ದು ದುಡಿದು ತಿನ್ನುವ ಜನರಿಗೆ. ಕೆಲಸ ಬಿಟ್ಟು ಕೂಡಬೇಕೆಂದು ಅದರ ಅರ್ಥವಾಗಲಾರದು, ಏಕೆಂದರೆ ಅದೇ ಪತ್ರಿಕೆಯಲ್ಲಿ ಅವನು ಸ್ವಂತ ಕೈಯಿಂದ ಕೆಲಸಮಾಡಿರೆಂದೂ ಹೇಳುತ್ತಾನೆ. ಇದು ಹೇಗೆ ಸಾಧ್ಯವೆಂಬುದಕ್ಕೆ ನೆಹೆಮೀಯನು ಒಳ್ಳೆಯ ಮಾದರಿ. ಪಾರಸಿಯ ಅರಸನ ಪಾನಸೇವಕನಾಗಿದ್ದ ಅವನಿಗೆ ನಿನ್ನ ಬೇಡಿಕೆ ಏನೆಂದು ಅರಸನು ಕೇಳಿದಾಗ, ಪರಲೋಕದ ದೇವರಿಗೆ ಪ್ರಾರ್ಥಿಸಿ ಅರಸನಿಗೆ ಉತ್ತರ ಕೊಟ್ಟೆನೆಂದು ಅವನು ಬರೆಯುತ್ತಾನೆ. ಅರಸನ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ಒಂದು ಉಸಿರಿನಷ್ಟು ಬಿಡುವು ಇದ್ದಿರಬಹುದು, ಅಷ್ಟೇ. ಫೋನ್ ಎತ್ತಿಕೊಳ್ಳುವ ಮುಂಚೆ, ಸಿಟ್ಟಿನ ಸಂದೇಶಕ್ಕೆ ಉತ್ತರ ಬರೆಯುವ ಮುಂಚೆ, ಮಗುವನ್ನು ಗದರಿಸುವ ಮುಂಚೆ ಇರುವ ಆ ಉಸಿರನ್ನು ಬಳಸಿಕೊಳ್ಳಲು ಕಲಿಯುವುದು ಈ ಹಂತದ ಅಭ್ಯಾಸ.

ಪೂರ್ವದ ಸಭೆಗಳಲ್ಲಿ ಶತಮಾನಗಳಿಂದ ಬಳಕೆಯಲ್ಲಿರುವ ಒಂದು ಚಿಕ್ಕ ಪ್ರಾರ್ಥನೆಯಿದೆ: ಕರ್ತನಾದ ಯೇಸು ಕ್ರಿಸ್ತನೇ, ದೇವರ ಮಗನೇ, ಪಾಪಿಯಾದ ನನ್ನನ್ನು ಕರುಣಿಸು. ಬಾರ್ತಿಮಾಯನ ಕೂಗೂ, ಲೂಕನ ಹದಿನೆಂಟನೆಯ ಅಧ್ಯಾಯದಲ್ಲಿ ದೂರದಲ್ಲಿ ನಿಂತು ಎದೆ ಬಡಿದುಕೊಂಡ ಸುಂಕದವನ ಮೊರೆಯೂ ಅದರಲ್ಲಿ ಒಂದಾಗಿ ಕೇಳಿಸುತ್ತವೆ. ಪಾತ್ರೆ ತೊಳೆಯುವಾಗ, ಸಾಲಿನಲ್ಲಿ ನಿಂತಿರುವಾಗ, ನಿದ್ದೆ ಬರದೆ ಹೊರಳಾಡುವಾಗ ಉಸಿರಿನೊಂದಿಗೆ ಇದನ್ನು ಹೇಳಿಕೊಳ್ಳಬಹುದು. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠವೊಂದರ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಸಹೋದರ ಲಾರೆನ್ಸ್, ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸನ್ನಿಧಿಯನ್ನು ನೆನೆಯಲು ಕಲಿತನೆಂಬುದಕ್ಕಾಗಿಯೇ ಇಂದಿಗೂ ಸ್ಮರಿಸಲ್ಪಡುತ್ತಾನೆ. ಅವನಿಗೂ ಅದು ಒಂದೇ ದಿನದಲ್ಲಿ ಬರಲಿಲ್ಲ, ವರ್ಷಗಳು ಹಿಡಿದವು.

ರಾತ್ರಿಯ ಹಿನ್ನೋಟ ಮತ್ತು ಪಾಪನಿವೇದನೆ

ಮಲಗುವ ಮುಂಚೆ ಐದು ನಿಮಿಷ ದಿನವನ್ನು ಹಿಂದಿರುಗಿ ನೋಡುವ ಅಭ್ಯಾಸವನ್ನು ಲೊಯೋಲದ ಇಗ್ನೇಷಿಯಸ್ (1491–1556) ತನ್ನ ಸಂಗಡಿಗರಿಗೆ ಬಹಳ ಮುಖ್ಯವೆಂದು ಕಲಿಸಿದನು. ಮೊದಲು ಕೃತಜ್ಞತೆ: ಇಂದು ಸಿಕ್ಕ ಎರಡು ಮೂರು ಒಳ್ಳೆಯ ಸಂಗತಿಗಳನ್ನು ಹೆಸರಿಸಿ ಸ್ತೋತ್ರ ಸಲ್ಲಿಸಿ. ಆ ಬಳಿಕ ಬೆಳಗಿನಿಂದ ಒಂದೊಂದೇ ಗಂಟೆಯನ್ನು ನೆನಪಿಸಿಕೊಳ್ಳುತ್ತ, ದೇವರ ಕಡೆಗೆ ಎಲ್ಲಿ ವಾಲಿದೆನು, ಎಲ್ಲಿ ಮುಖ ತಿರುಗಿಸಿದೆನು ಎಂದು ನೋಡಿ. ತಪ್ಪು ಕಂಡಲ್ಲಿ ಕ್ಷಮೆ ಬೇಡಿ, ನಾಳೆಗಾಗಿ ಸಹಾಯ ಕೇಳಿ, ಮಲಗಿ.

ಪಾಪನಿವೇದನೆಯಲ್ಲಿ ಸಾಮಾನ್ಯವಾದ ಮಾತುಗಳು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ನಾನು ಮಹಾಪಾಪಿ ಎಂದು ಹೇಳುವುದು ಸುಲಭ, ಏಕೆಂದರೆ ಅದರಿಂದ ಯಾವ ನಿರ್ದಿಷ್ಟ ಕೆಲಸವೂ ನಮ್ಮ ಮೇಲೆ ಬೀಳುವುದಿಲ್ಲ. ಇಂದು ಮಧ್ಯಾಹ್ನ ಸಹೋದ್ಯೋಗಿಯ ಬೆನ್ನ ಹಿಂದೆ ಇಂಥ ಮಾತನಾಡಿದೆನು, ಅದು ಅರ್ಧ ಸುಳ್ಳಾಗಿತ್ತು ಎಂದು ಹೇಳಿದಾಗ ಮುಂದಿನ ಹೆಜ್ಜೆ ತಾನಾಗಿ ಎದುರಿಗೆ ನಿಲ್ಲುತ್ತದೆ. ಪಾಪಗಳನ್ನು ಒಪ್ಪಿಕೊಂಡರೆ ದೇವರು ನಂಬಿಗಸ್ತನೂ ನೀತಿವಂತನೂ ಆಗಿರುವುದರಿಂದ ಕ್ಷಮಿಸುವನೆಂದು ಯೋಹಾನನ ಮೊದಲನೆಯ ಪತ್ರಿಕೆ ಭರವಸೆ ಕೊಡುತ್ತದೆ. ಆದ್ದರಿಂದ ಒಮ್ಮೆ ಒಪ್ಪಿಕೊಂಡದ್ದನ್ನು ಪ್ರತಿರಾತ್ರಿ ಅಗೆದು ತೆಗೆಯುವ ಅಗತ್ಯವಿಲ್ಲ. ಆದರೆ ಕ್ಷಮೆ ದೊರೆತ ಮೇಲೆ ಸರಿಪಡಿಸುವ ಕೆಲಸ ಉಳಿದಿರುತ್ತದೆ. ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದು ಜಕ್ಕಾಯನು ಹೇಳಿದ್ದು ಯೇಸು ಅವನ ಮನೆಗೆ ಬಂದ ಬಳಿಕ.

ಇಲ್ಲಿ ನನ್ನದೇ ಒಂದು ಅನುಭವವನ್ನು ಹೇಳಬೇಕು. ಆಸ್ತಿಯ ಸಣ್ಣದೊಂದು ವಿಷಯಕ್ಕೆ ಒಡಹುಟ್ಟಿದವನೊಂದಿಗೆ ನಾನು ಎಂಟು ತಿಂಗಳು ಮಾತು ಬಿಟ್ಟಿದ್ದ ಕಾಲದಲ್ಲಿ, ಬೆಳಗಿನ ಪ್ರಾರ್ಥನೆಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಪ್ರಾರ್ಥನೆ ಒಣಗಿದೆಯೆಂದು ಗೊಣಗುತ್ತ, ಹೊಸ ಹೊಸ ಕ್ರಮಗಳನ್ನು ಹುಡುಕುತ್ತ, ಹೊತ್ತನ್ನು ಹೆಚ್ಚಿಸುತ್ತ ಹೋದೆನೇ ಹೊರತು, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎಂಬ ಮಾತನ್ನು ಓದಿದಾಗಲೆಲ್ಲ ಬೇಗನೆ ಪುಟ ತಿರುವುತ್ತಿದ್ದೆ. ಕೊನೆಗೆ ಒಂದು ಸಂಜೆ ಅವನಿಗೆ ಫೋನ್ ಮಾಡಿದೆ. ಮಾತು ತಡವರಿಸಿತು, ವಿವಾದವೂ ಅಂದೇ ಬಗೆಹರಿಯಲಿಲ್ಲ. ಆದರೆ ಮರುದಿನ ಬೆಳಿಗ್ಗೆ ನಮ್ಮ ತಂದೆಯೇ ಎಂದಾಗ ಗಂಟಲು ಕಟ್ಟಿತು. ನನ್ನ ಕ್ರಮದಲ್ಲಿ ಕೊರತೆಯಿರಲಿಲ್ಲ. ಯಾಕೋಬನು ಹೇಳಿದ ಕೈಗಳು ತೊಳೆಯದೆ ಉಳಿದಿದ್ದವು.

ಸಭೆಯೊಂದಿಗೆ

ಇದುವರೆಗೆ ಹೇಳಿದ್ದೆಲ್ಲ ಒಂಟಿಯಾಗಿ ಮಾಡುವಂಥದ್ದು. ಕ್ರೈಸ್ತ ಜೀವನ ಅಷ್ಟರಿಂದಲೇ ನಡೆಯುವುದಿಲ್ಲ. ಮೊದಲ ವಿಶ್ವಾಸಿಗಳು ಅಪೊಸ್ತಲರ ಬೋಧನೆ, ಸಹವಾಸ, ರೊಟ್ಟಿ ಮುರಿಯುವುದು, ಪ್ರಾರ್ಥನೆ ಈ ನಾಲ್ಕರಲ್ಲಿ ನಿರತರಾಗಿದ್ದರೆಂದು ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯ ಹೇಳುತ್ತದೆ, ಮತ್ತು ಆ ನಾಲ್ಕೂ ಕೂಡಿ ಮಾಡುವಂಥವು. ಕರ್ತನ ಭೋಜನವನ್ನು, ಅಥವಾ ನಿಮ್ಮ ಸಂಪ್ರದಾಯದಲ್ಲಿ ಪರಮಪ್ರಸಾದವನ್ನು, ಸಿದ್ಧತೆಯಿಂದ ಸ್ವೀಕರಿಸಲು ಶನಿವಾರದ ರಾತ್ರಿಯ ಹಿನ್ನೋಟವನ್ನು ಸ್ವಲ್ಪ ಉದ್ದವಾಗಿಸಿಕೊಳ್ಳಿ. ಆರಾಧನೆಯಿಂದ ಬಂದು ಪ್ರಸಂಗ ಚೆನ್ನಾಗಿತ್ತೋ ಇಲ್ಲವೋ ಎಂದು ಮನೆಯಲ್ಲಿ ತೀರ್ಪು ಕೊಡುವ ಬದಲು, ಕೇಳಿದ ಒಂದು ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದು ಸೋಮವಾರ ಅದನ್ನೇ ಓದಿ.

ಸಭೆಯಲ್ಲಿ ಗುಟ್ಟನ್ನು ಕಾಪಾಡಬಲ್ಲ, ಮುಖಸ್ತುತಿ ಮಾಡದ ಒಬ್ಬ ವ್ಯಕ್ತಿಯನ್ನು ಹುಡುಕಿಕೊಂಡು, ತಿಂಗಳಿಗೊಮ್ಮೆಯಾದರೂ ಅವರೊಂದಿಗೆ ಮನಸ್ಸು ಬಿಚ್ಚಿ ಮಾತನಾಡುವುದು ಹತ್ತು ಪುಸ್ತಕಗಳಿಗಿಂತ ಹೆಚ್ಚು ಸಹಾಯ ಮಾಡುತ್ತದೆ. ಸಭೆಯಿಂದಲೇ ಗಾಯಗೊಂಡವರೂ ಇದ್ದಾರೆ. ಅವರಿಗೆ ಕ್ಷಮಿಸಿ ಮರೆತುಬಿಡಿ ಎಂದು ಅವಸರದಿಂದ ಹೇಳುವುದು ಸರಿಯಲ್ಲ. ದೌರ್ಜನ್ಯ ನಡೆದಿದ್ದರೆ ಅದನ್ನು ಮುಚ್ಚಿಡುವುದು ಕ್ಷಮೆಯಲ್ಲ, ಸುರಕ್ಷಿತವಾದ ಬೇರೆ ಸಭೆಯನ್ನು ಸೇರುವುದು ದೇವರಿಂದ ದೂರವಾಗುವುದೂ ಅಲ್ಲ.

ಕೈಯಿಂದ ಮಾಡುವ ಕೆಲಸ, ಉಪವಾಸ, ವಿಶ್ರಾಂತಿ

ಹಸಿದವನಿಗೆ ಊಟ ಕೊಟ್ಟದ್ದನ್ನೂ, ರೋಗಿಯನ್ನು ನೋಡಲು ಹೋದದ್ದನ್ನೂ, ಸೆರೆಯಲ್ಲಿದ್ದವನ ಬಳಿಗೆ ಬಂದದ್ದನ್ನೂ ತನಗೇ ಮಾಡಿದ್ದೆಂದು ಕ್ರಿಸ್ತನು ಎಣಿಸುವನೆಂದು ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯ ಹೇಳುತ್ತದೆ. ವಾರಕ್ಕೊಂದು ಇಂಥ ಕೆಲಸವನ್ನು, ಯಾರಿಗೂ ತಿಳಿಯದಂತೆ, ಫೋಟೋ ತೆಗೆಯದೆ ಮಾಡಿ. ಮಾಡಿದ್ದನ್ನು ಸಾಕ್ಷಿ ಹೇಳುವ ನೆಪದಲ್ಲಿ ಹಂಚಿಕೊಳ್ಳಬೇಕೆನ್ನಿಸಿದರೆ ಒಂದು ತಿಂಗಳು ಕಾಯಿರಿ. ಆಸೆ ಸಾಮಾನ್ಯವಾಗಿ ತಣ್ಣಗಾಗುತ್ತದೆ.

ಉಪವಾಸವನ್ನು ಒಂದು ಹೊತ್ತಿನ ಊಟದಿಂದ ಆರಂಭಿಸಿ, ಆ ಊಟದ ಹೊತ್ತನ್ನು ಪ್ರಾರ್ಥನೆಗೂ, ಉಳಿದ ಹಣವನ್ನು ಬೇರೊಬ್ಬರ ಊಟಕ್ಕೂ ಕೊಡಿ. ಸಕ್ಕರೆ ಕಾಯಿಲೆಯವರು, ಬಸುರಿಯರು, ಬಾಣಂತಿಯರು, ಆಹಾರದ ವಿಷಯದಲ್ಲಿ ಮನೋವ್ಯಾಧಿ ಅನುಭವಿಸಿದವರು, ದಿನವೂ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಅವರು ಊಟದ ಬದಲು ಮನರಂಜನೆಯನ್ನೋ ಸಾಮಾಜಿಕ ಜಾಲತಾಣವನ್ನೋ ಬಿಡಬಹುದು. ವಾರದಲ್ಲಿ ಒಂದು ದಿನ, ಆಗದಿದ್ದರೆ ಅರ್ಧ ದಿನ, ದುಡಿಮೆಯನ್ನು ನಿಲ್ಲಿಸುವುದೂ ಆರಾಧನೆಯ ಭಾಗ. ಹತ್ತು ಆಜ್ಞೆಗಳಲ್ಲಿ ಸಬ್ಬತ್ತಿನ ವಿಶ್ರಾಂತಿಯನ್ನು ಯಜಮಾನನಿಗೆ ಮಾತ್ರ ಕೊಡದೆ ಆಳುಗಳಿಗೂ ದನಗಳಿಗೂ ಪರದೇಶಿಗೂ ಕೊಡಲಾಗಿದೆ. ಆದ್ದರಿಂದ ನಿಮ್ಮ ವಿಶ್ರಾಂತಿಗಾಗಿ ಮನೆಯಲ್ಲಿ ಮತ್ತೊಬ್ಬರು ಎರಡರಷ್ಟು ದುಡಿಯುವಂತಾಗದಿರಲಿ.

ಏನೂ ಅನ್ನಿಸದ ದಿನಗಳಲ್ಲಿ

ಇವೆಲ್ಲವನ್ನೂ ಕೆಲವು ತಿಂಗಳು ಪಾಲಿಸಿದ ಮೇಲೆ, ಒಂದು ದಿನ ಯಾವ ಮಾತೂ ತಗುಲದ, ಯಾವ ಕಣ್ಣೀರೂ ಬರದ ಕಾಲ ಬರುತ್ತದೆ. ಬಹಳ ಜನರು ಬಿಟ್ಟುಬಿಡುವುದು ಇಲ್ಲಿಯೇ. ಅರಸುಗಳ ಮೊದಲನೆಯ ಪುಸ್ತಕದ ಹತ್ತೊಂಬತ್ತನೆಯ ಅಧ್ಯಾಯವನ್ನು ಆಗ ನಿಧಾನವಾಗಿ ಓದಿ. ಕರ್ಮೆಲ್ ಬೆಟ್ಟದ ಮೇಲಿನ ಜಯದ ಬಳಿಕ ಎಲೀಯನು ಪ್ರಾಣಭಯದಿಂದ ಅಡವಿಗೆ ಓಡಿ, ಒಂದು ಗಿಡದ ಕೆಳಗೆ ಕುಳಿತು ಮರಣವನ್ನು ಬೇಡಿದನು. ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ಎದ್ದು ತಿನ್ನು ಎಂದು ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಎಲೀಯನು ತಿಂದು ಮತ್ತೆ ಮಲಗಿದನು. ಎರಡನೆಯ ಸಲವೂ ಎಬ್ಬಿಸಿ ತಿನ್ನಿಸಿದನು. ಹೋರೇಬ್ ಬೆಟ್ಟ, ಬಿರುಗಾಳಿ, ಭೂಕಂಪ, ಬೆಂಕಿ, ಆ ಬಳಿಕದ ಮೆಲ್ಲನೆಯ ಶಬ್ದ ಎಲ್ಲವೂ ಬಂದದ್ದು ಊಟ ನಿದ್ದೆಗಳಾದ ಮೇಲೆ.

ಆದ್ದರಿಂದ ಮೊದಲು ದೇಹವನ್ನು ನೋಡಿಕೊಳ್ಳಿ. ನಿದ್ದೆ ಸಾಕಷ್ಟಾಗುತ್ತಿದೆಯೇ, ದುಃಖವೊಂದು ಒಳಗೇ ಉಳಿದಿದೆಯೇ, ವಾರಗಟ್ಟಲೆ ಯಾವುದರಲ್ಲಿಯೂ ಆಸಕ್ತಿಯಿಲ್ಲದೆ ಬದುಕೇ ಭಾರವೆನ್ನಿಸುತ್ತಿದೆಯೇ ಎಂದು ಕೇಳಿಕೊಳ್ಳಿ. ಹಾಗಿದ್ದರೆ ವೈದ್ಯರನ್ನು ಕಾಣಿರಿ. ಖಿನ್ನತೆಯು ಕಾಯಿಲೆಯೇ ಹೊರತು ಅವಿಶ್ವಾಸವಲ್ಲ, ಮಾತ್ರೆ ನುಂಗುವುದರಿಂದ ಪ್ರಾರ್ಥನೆಗೆ ಅಪಮಾನವಾಗುವುದಿಲ್ಲ. ದೇಹಕ್ಕೆ ಕುಂದಿಲ್ಲದಿದ್ದರೆ, ಬಿಟ್ಟುಕೊಡದೆ ಹಿಡಿದುಕೊಂಡಿರುವ ತಪ್ಪೇನಾದರೂ ಇದೆಯೇ ಎಂದು ರಾತ್ರಿಯ ಹಿನ್ನೋಟದಲ್ಲಿ ನೋಡಿ. ಅದೂ ಕಾಣದಿದ್ದರೆ ಕಾರಣ ಹುಡುಕುವುದನ್ನು ನಿಲ್ಲಿಸಿ, ಎಂದಿನ ಹತ್ತು ನಿಮಿಷವನ್ನು ಹಿಗ್ಗಿಸದೆ ಕುಗ್ಗಿಸದೆ ಮುಂದುವರಿಸಿ. ಮಾತು ಹೊರಡದಿದ್ದರೆ ಒಂದು ಕೀರ್ತನೆ ಓದಿ, ಕರ್ತನ ಪ್ರಾರ್ಥನೆ ಹೇಳಿ ಎದ್ದುಬಿಡಿ. ಅನುಭವಿಗಳು ಈ ಕಾಲವನ್ನು ನಷ್ಟವೆಂದು ಎಣಿಸಿಲ್ಲ. ದೇವರು ಕೊಡುವ ಸಂತೋಷಕ್ಕಾಗಿ ಅಲ್ಲದೆ ದೇವರಿಗಾಗಿಯೇ ಬರುವುದನ್ನು ಇದು ಕಲಿಸುತ್ತದೆಂದು ಹೇಳಿದ್ದಾರೆ. ಅದನ್ನು ಅನುಭವಿಸುತ್ತಿರುವಾಗ ಈ ಮಾತು ದೊಡ್ಡ ಸಮಾಧಾನವೇನೂ ಕೊಡುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಆರು ತಿಂಗಳ ಬಳಿಕ

ಬೆಳೆದಿದ್ದೇವೆಯೋ ಇಲ್ಲವೋ ಎಂದು ದಿನವೂ ಅಳೆಯುವುದು ಬಿತ್ತಿದ ಬೀಜವನ್ನು ಕೆದಕಿ ನೋಡಿದಂತೆ. ಆರು ತಿಂಗಳಿಗೊಮ್ಮೆ ನೋಡಿದರೆ ಸಾಕು. ನೋಟ್‌ಬುಕ್ಕನ್ನು ಮೊದಲ ಪುಟದಿಂದ ತಿರುವಿ, ಯಾವ ಬೇಡಿಕೆಗಳು ನೆರವೇರಿದವು, ಯಾವುವು ಬದಲಾದವು, ಯಾವ ತಪ್ಪು ಮತ್ತೆ ಮತ್ತೆ ಬರುತ್ತಿದೆ ಎಂದು ಗುರುತು ಹಾಕಿ. ಹಿಡಿಸದೆ ಹೋದ ಅಭ್ಯಾಸವೊಂದನ್ನು ಬಿಡಿ, ಬೇರೂರಿದ್ದಕ್ಕೆ ಐದು ನಿಮಿಷ ಸೇರಿಸಿ. ಇದಾದ ಮೇಲೆ ನಿಮ್ಮ ಸಂಗಡ ಒಂದೇ ಸೂರಿನ ಕೆಳಗೆ ಬಾಳುವವರಲ್ಲಿ ಒಬ್ಬರನ್ನು, ಗಂಡನನ್ನೋ ಹೆಂಡತಿಯನ್ನೋ ದೊಡ್ಡ ಮಗಳನ್ನೋ, ಬಿಡುವಾಗಿರುವ ಹೊತ್ತಿನಲ್ಲಿ ಕೇಳಿ: ಈ ಆರು ತಿಂಗಳಲ್ಲಿ ನನ್ನೊಂದಿಗೆ ಬಾಳುವುದು ಸ್ವಲ್ಪವಾದರೂ ಸುಲಭವಾಗಿದೆಯೇ? ಉತ್ತರ ಬರುವಾಗ ನಡುವೆ ಬಾಯಿ ಹಾಕದೆ, ಸಮರ್ಥನೆ ಕೊಡದೆ ಕೇಳಿಸಿಕೊಳ್ಳಿ, ಮತ್ತು ಮರುದಿನದ ಹತ್ತು ನಿಮಿಷಗಳನ್ನು ಅವರು ಹೇಳಿದ ಮಾತಿನಿಂದಲೇ ಆರಂಭಿಸಿ.